ಹಬ್ಬದ ಮೇಜಿನ ಮುಂದೆ ಪಥ್ಯದವರು

ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಧರ್ಮಕೇಂದ್ರದ ಗುರುವೊಬ್ಬ ಎಷ್ಟು ಮನೆಗಳ ಹೊಸ್ತಿಲು ದಾಟುತ್ತಾನೆಂಬುದನ್ನು ನೀವು ಬಲ್ಲಿರಿ. ಪ್ರತಿ ಮನೆಯಲ್ಲಿಯೂ ಒಂದು ತಟ್ಟೆ ಕಾದಿರುತ್ತದೆ. ಕರಾವಳಿಯ ಕಡೆಯಾದರೆ ಕುಸ್ವಾರ್: ಕಿಡಿಯೊ, ನೆವ್ರಿ, ಕೊಕ್ಕಿಸಾಂ, ತುಕ್ಡಿ, ಲಾಡು. ಮೈಸೂರಿನ ಸೀಮೆಯಾದರೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ಜೊತೆಗೆ ಒಂದು ತುಂಡು ಕೇಕು. ಅಕ್ಕಿ, ಮೈದಾ, ಬೆಲ್ಲ, ಸಕ್ಕರೆ ಇಷ್ಟನ್ನು ಬಿಟ್ಟರೆ ಆ ತಟ್ಟೆಯಲ್ಲಿ ಉಳಿಯುವುದು ತೆಂಗಿನಕಾಯಿ ಮತ್ತು ಎಣ್ಣೆ ಮಾತ್ರ. ನನ್ನ ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ತಿಳಿಸಿ, ಅನ್ನ, ಚಪಾತಿ, ಸಿಹಿಗಳನ್ನು ಕಡಿಮೆ ಮಾಡಿ ಮೀನು, ಮೊಟ್ಟೆ, ಕಾಳು, ಸೊಪ್ಪಿನ ಕಡೆಗೆ ತಿರುಗಬೇಕೆಂದು ಹೇಳಿದ ವರ್ಷ ಆ ತಟ್ಟೆಗಳ ಮುಂದೆ ನಾನು ಪಟ್ಟ ಸಂಕಟವನ್ನು ಇಲ್ಲಿ ವಿಸ್ತರಿಸುವುದಿಲ್ಲ. ನಿಮ್ಮಲ್ಲಿ ಅನೇಕರಿಗೆ ಅದು ಹೊಸತಲ್ಲ. ಬೇಡವೆಂದರೆ ಮನೆಯೊಡತಿಯ ಮುಖ ಬಾಡುತ್ತದೆ. ತಿಂದರೆ ಮರುದಿನದ ಪರೀಕ್ಷೆಯಲ್ಲಿ ನಮ್ಮ ಮುಖ ಬಾಡುತ್ತದೆ.

ಇದು ನಮ್ಮ ಕಾಲದ ತೊಂದರೆಯೆಂದೇ ನಾನು ಭಾವಿಸಿದ್ದೆ. ಸಕ್ಕರೆ ಅಗ್ಗವಾದ ಮೇಲೆ, ಮೈ ಬಗ್ಗಿಸುವ ಕೆಲಸ ಕಡಿಮೆಯಾದ ಮೇಲೆ ಹುಟ್ಟಿದ ಸಮಸ್ಯೆ ಎಂಬುದು ನನ್ನ ಎಣಿಕೆಯಾಗಿತ್ತು. ಹಳೆಯ ಪುಸ್ತಕಗಳನ್ನು ತಿರುವಿದಾಗ ತಿಳಿದುಬಂದುದು ಬೇರೆ. ಹಿಟ್ಟು ಮತ್ತು ಸಕ್ಕರೆಯನ್ನು ಬಿಟ್ಟು ಊಟ ಮಾಡುವ ಪಥ್ಯಕ್ಕೆ ದೀರ್ಘವಾದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಹಬ್ಬದ ದಿನಗಳು ಮತ್ತೆ ಮತ್ತೆ ಎದುರಾಗುತ್ತವೆ. ಅದರಲ್ಲಿ ಬರುವ ಕೆಲವರನ್ನು ಈ ತಿಂಗಳು ನಿಮಗೆ ಪರಿಚಯಿಸಬೇಕೆಂಬುದು ನನ್ನ ಆಸೆ.

ಮೊದಲನೆಯವರು ಶವಸಂಸ್ಕಾರದ ವೃತ್ತಿಯವರು. ವಿಲಿಯಂ ಬ್ಯಾಂಟಿಂಗ್ ಎಂಬ ಹೆಸರಿನ ಇವರು ಲಂಡನ್ನಿನವರು. ಪೀಠೋಪಕರಣಗಳನ್ನು ಮಾಡಿಸಿಕೊಡುವುದು, ಶವಪೆಟ್ಟಿಗೆ ಸಿದ್ಧಪಡಿಸಿ ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವುದು ಇವರ ಮನೆತನದ ಉದ್ಯೋಗ. ರಾಜಮನೆತನದವರ ಶವಸಂಸ್ಕಾರಗಳೂ ಇವರ ಸಂಸ್ಥೆಯ ಪಾಲಿಗೆ ಬರುತ್ತಿದ್ದವು. 1852ರಲ್ಲಿ ವೆಲ್ಲಿಂಗ್ಟನ್ ಡ್ಯೂಕನ ಅಂತ್ಯಯಾತ್ರೆಯನ್ನು ನಡೆಸಿದವರು ಇವರೇ. ನಮ್ಮ ಶ್ರೀರಂಗಪಟ್ಟಣದ ಕೊನೆಯ ಯುದ್ಧದಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ ಆ ಡ್ಯೂಕ್. ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 1861ರ ಡಿಸೆಂಬರ್ 14ರಂದು ತೀರಿಕೊಂಡಾಗ, ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು, ಡಿಸೆಂಬರ್ 23ರಂದು, ವಿಂಡ್ಸರ್‌ನಲ್ಲಿ ನಡೆದ ಅವನ ಶವಸಂಸ್ಕಾರವೂ ಇದೇ ಸಂಸ್ಥೆಯ ಹೊಣೆಯಾಗಿತ್ತು.

ಇತರರ ಅಂತ್ಯವನ್ನು ಅಚ್ಚುಕಟ್ಟಾಗಿ ನಡೆಸಿಕೊಡುತ್ತಿದ್ದ ಈ ಮನುಷ್ಯನಿಗೆ ತನ್ನ ದೇಹವೇ ಭಾರವಾಗಿತ್ತು. ಎತ್ತರ ಐದು ಅಡಿ ಐದು ಅಂಗುಲ. ತೂಕ 202 ಪೌಂಡು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 92 ಕಿಲೋ. ಬಗ್ಗಿ ಪಾದರಕ್ಷೆಯ ದಾರ ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ಮಂಡಿಗಳ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಬೀದಿಯಲ್ಲಿ ಜನ ಆಡಿಕೊಳ್ಳುವುದು ಕಿವಿಗೆ ಬೀಳುತ್ತಿದ್ದುದರಿಂದ ಸಭೆ ಸಮಾರಂಭಗಳಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ದೋಣಿ ಹುಟ್ಟು ಹಾಕಿ ನೋಡಿದರು. ಅದರಿಂದ ಹಸಿವು ಹೆಚ್ಚಿತು. ಹಬೆಯ ಸ್ನಾನ, ಸಮುದ್ರದ ಗಾಳಿ, ಔಷಧದ ಬುಗ್ಗೆಗಳ ನೀರು ಎಲ್ಲವೂ ಆಯಿತು. ಕೊನೆಗೆ ಕಿವಿ ಮಂದವಾಗತೊಡಗಿದಾಗ ವಿಲಿಯಂ ಹಾರ್ವೆ ಎಂಬ ಕಿವಿಯ ಶಸ್ತ್ರವೈದ್ಯರನ್ನು ಕಂಡರು. (ರಕ್ತ ಪರಿಚಲನೆಯನ್ನು ಕಂಡುಹಿಡಿದ ಹಾರ್ವೆ ಇವರಲ್ಲ, ಆ ಹಾರ್ವೆ ಎರಡು ಶತಮಾನ ಹಿಂದಿನವರು.)

ಈ ಹಾರ್ವೆ ಪ್ಯಾರಿಸ್ಸಿನಲ್ಲಿ ಕ್ಲೋದ್ ಬೆರ್ನಾರ್ ಎಂಬ ಮಹಾ ವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿ ಬಂದವರು. ಯಕೃತ್ತು ಸಕ್ಕರೆಯಂಥ ಪದಾರ್ಥವನ್ನು ತಾನೇ ಉತ್ಪಾದಿಸುತ್ತದೆ ಎಂಬುದು ಬೆರ್ನಾರ್ ತೋರಿಸಿಕೊಟ್ಟ ಸಂಗತಿ. ಹಾರ್ವೆ ಅದರೊಡನೆ ಇನ್ನೆರಡನ್ನು ಸೇರಿಸಿ ಯೋಚಿಸಿದರು. ಸಾಕುಪ್ರಾಣಿಗಳನ್ನು ಕೊಬ್ಬಿಸಬೇಕಾದರೆ ರೈತರು ಕೊಡುವುದು ಹಿಟ್ಟು ಮತ್ತು ಸಿಹಿಯ ಆಹಾರ. ಸಿಹಿಮೂತ್ರ ರೋಗಿಗಳಿಗೆ ಬರೀ ಮಾಂಸಾಹಾರ ಕೊಟ್ಟಾಗ ಮೈ ಕರಗುತ್ತದೆ. ಹಾಗಾದರೆ ಈ ಸ್ಥೂಲಕಾಯದವರಿಗೆ ಹಿಟ್ಟು, ಸಕ್ಕರೆಗಳನ್ನು ನಿಲ್ಲಿಸಿದರೆ ಏನಾಗಬಹುದು? ಕಿವಿ ತೋರಿಸಲು ಬಂದವರಿಗೆ ಅವರು ಬಿಡಲು ಹೇಳಿದ್ದು ರೊಟ್ಟಿ, ಬೆಣ್ಣೆ, ಹಾಲು, ಸಕ್ಕರೆ, ಬಿಯರ್ ಮತ್ತು ಆಲೂಗಡ್ಡೆ. ಇವೇ ಬ್ಯಾಂಟಿಂಗರ ನಿತ್ಯದ ಆಹಾರವಾಗಿದ್ದವು.

ಪಥ್ಯ ಆರಂಭವಾದದ್ದು 1862ರ ಆಗಸ್ಟ್ 26ರಂದು. ಬೆಳಿಗ್ಗೆ ನಾಲ್ಕೈದು ಔನ್ಸ್ ದನದ ಅಥವಾ ಕುರಿಯ ಮಾಂಸ ಇಲ್ಲವೆ ಸುಟ್ಟ ಮೀನು, ಹಾಲು ಸಕ್ಕರೆಗಳಿಲ್ಲದ ಚಹಾ, ಒಂದೇ ಒಂದು ಔನ್ಸ್ ಒಣಗಿಸಿ ಸುಟ್ಟ ರೊಟ್ಟಿ. ಮಧ್ಯಾಹ್ನ ಮೀನು ಅಥವಾ ಮಾಂಸ, ಆಲೂಗಡ್ಡೆಯ ಹೊರತು ಯಾವುದೇ ತರಕಾರಿ, ಕಡುಬಿನಂಥ ಪುಡಿಂಗ್ ಇದ್ದರೆ ಅದರೊಳಗಿನ ಹಣ್ಣು ಮಾತ್ರ. ಹಿಟ್ಟನ್ನು ಪಕ್ಕಕ್ಕಿಟ್ಟು ಹಣ್ಣನ್ನು ಆರಿಸಿಕೊಂಡು ತಿನ್ನುತ್ತಿರುವ ಅರುವತ್ತು ದಾಟಿದ ಗೃಹಸ್ಥನನ್ನು ಕಲ್ಪಿಸಿಕೊಳ್ಳಿ. ಕರ್ಜಿಕಾಯಿಯ ಕಣಕವನ್ನು ಬಿಡಿಸಿ ಒಳಗಿನ ಕೊಬ್ಬರಿಯನ್ನಷ್ಟೇ ತಿನ್ನಲು ನಾನೂ ಒಮ್ಮೆ ಹವಣಿಸಿದ್ದೇನೆ. ಒಳಗೆ ಬೆಲ್ಲವಿರುವುದರಿಂದ ಆ ಜಾಣತನ ಫಲಿಸಲಿಲ್ಲ. ಇನ್ನು ಬ್ಯಾಂಟಿಂಗರ ದ್ರಾಕ್ಷಾರಸದ ಲೆಕ್ಕವನ್ನು ನೋಡಿದರೆ ಇಂದಿನ ಯಾವ ವೈದ್ಯರೂ ಹುಬ್ಬೇರಿಸುವರು. ಮಧ್ಯಾಹ್ನಕ್ಕೆ ಎರಡು ಮೂರು ಲೋಟ, ರಾತ್ರಿ ಮತ್ತೆ ಒಂದೆರಡು, ಮಲಗುವ ಮುನ್ನ ಬೇಕೆನಿಸಿದರೆ ಸಕ್ಕರೆಯಿಲ್ಲದ ಮದ್ಯ. ಈ ಭಾಗವನ್ನು ಅನುಸರಿಸಲು ಹೊರಟವರಿಗೆ ನನ್ನ ಈ ಲೇಖನ ಸಮರ್ಥನೆಯಾಗದಿರಲಿ.

ಮರುವರ್ಷ, 1863ರಲ್ಲಿ, ಸ್ಥೂಲಕಾಯದ ಬಗ್ಗೆ ಸಾರ್ವಜನಿಕರಿಗೆ ಬರೆದ ಪತ್ರವೆಂಬ ರೂಪದಲ್ಲಿ ಒಂದು ಕಿರುಪುಸ್ತಕವನ್ನು ತಾವೇ ಅಚ್ಚು ಹಾಕಿಸಿ ಅವರು ಉಚಿತವಾಗಿ ಹಂಚಿದರು. ಅದರಲ್ಲಿ ಒಂದು ತೂಕದ ಪಟ್ಟಿಯಿದೆ. ಅಂತ್ಯಸಂಸ್ಕಾರದ ಲೆಕ್ಕಪತ್ರ ಬರೆದು ರೂಢಿಯಿದ್ದವರ ಕೈಬರಹವೇ ಅದು: ದಿನಾಂಕ, ಪೌಂಡು, ಎಷ್ಟು ಇಳಿದಿದೆ, ಇಷ್ಟೇ. ಸುಮಾರು ಮೂರು ವಾರಗಳಿಗೊಮ್ಮೆ ತೂಗಿಕೊಂಡಿದ್ದಾರೆ. 1862ರ ಡಿಸೆಂಬರ್ 3ರಂದು 187 ಪೌಂಡು. ಮುಂದಿನ ಸಾಲು ಡಿಸೆಂಬರ್ 24, 184 ಪೌಂಡು. ಅದರ ಮುಂದಿನದು 1863ರ ಜನವರಿ 14, 182 ಪೌಂಡು.

ಓದುಗರೇ, ಆ ಎರಡು ಸಾಲುಗಳ ನಡುವೆ ಏನಿದೆಯೆಂದು ನೋಡಿ. ಕ್ರಿಸ್‌ಮಸ್‌ನ ಹಿಂದಿನ ದಿನ ತಕ್ಕಡಿಯ ಮೇಲೆ ನಿಂತ ಮನುಷ್ಯ, ಕ್ರಿಸ್‌ಮಸ್, ಹೊಸ ವರ್ಷ, ಮೂರು ರಾಯರ ಹಬ್ಬ ಎಲ್ಲವನ್ನೂ ದಾಟಿ ಮತ್ತೆ ತಕ್ಕಡಿಯ ಮೇಲೆ ನಿಲ್ಲುತ್ತಾನೆ, ಮತ್ತು ಎರಡು ಪೌಂಡು ಇಳಿದಿದ್ದಾನೆ. ಡಿಕನ್ಸ್‌ನ ಕ್ರಿಸ್‌ಮಸ್ ಕಥೆ ಪ್ರಕಟವಾಗಿ ಆಗಲೇ ಹತ್ತೊಂಬತ್ತು ವರ್ಷಗಳಾಗಿದ್ದವು. ಹುರಿದ ಬಾತುಕೋಳಿ, ಆಲೂಗಡ್ಡೆ, ಒಣದ್ರಾಕ್ಷಿ ತುಂಬಿ ಗಂಟೆಗಟ್ಟಲೆ ಬೇಯಿಸಿದ ಪುಡಿಂಗ್, ಹಣ್ಣಿನ ಹೂರಣದ ಕಡುಬುಗಳು, ಇವು ಲಂಡನ್ನಿನ ಮನೆಮನೆಯ ಹಬ್ಬದೂಟವಾಗಿದ್ದ ಕಾಲವದು. ಹಿಂದಿನ ಅವಧಿಗಳಲ್ಲಿ ಮೂರು ಮೂರು ಪೌಂಡು ಇಳಿಯುತ್ತಿದ್ದವರು ಹಬ್ಬದ ಅವಧಿಯಲ್ಲಿ ಎರಡೇ ಪೌಂಡು ಇಳಿದಿದ್ದಾರೆ. ಆ ಒಂದು ಪೌಂಡಿನ ವ್ಯತ್ಯಾಸವನ್ನು ಪುಡಿಂಗ್‌ನ ಲೆಕ್ಕಕ್ಕೆ ಬರೆಯಲು ನನಗೆ ಆಸೆಯಾದರೂ ಅದು ನ್ಯಾಯವಲ್ಲ; ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿಯೂ ಇಳಿತ ಎರಡೆರಡೇ ಪೌಂಡಿನಷ್ಟಿದೆ. 1863ರ ಸೆಪ್ಟೆಂಬರ್ ಹೊತ್ತಿಗೆ ಅವರು 156 ಪೌಂಡಿಗೆ ಬಂದಿದ್ದರು. ಒಟ್ಟು 46 ಪೌಂಡು ಕಡಿಮೆ. ಮೆಟ್ಟಿಲನ್ನು ಮುಮ್ಮುಖವಾಗಿ ಇಳಿಯುವಂತಾಗಿತ್ತು, ಕಿವಿಯೂ ಚುರುಕಾಗಿತ್ತು.

ಅವರ ಒಂದು ಹೋಲಿಕೆ ನನಗೆ ಬಹಳ ಹಿಡಿಸಿತು. ಕುದುರೆಗೆ ಕಾಳು ಅಪರೂಪಕ್ಕೆ ಒಳ್ಳೆಯದು, ನಿತ್ಯವೂ ಕೊಟ್ಟರೆ ಅದೇ ಕಾಳು ಕೆಡುಕು. ಹಿಟ್ಟು ಸಕ್ಕರೆಗಳೂ ವಯಸ್ಸಾದ ಮನುಷ್ಯನಿಗೆ ಹಾಗೆಯೇ ಎನ್ನುತ್ತಾರೆ. ಕುದುರೆಗೆ ಹುರುಳಿ ಹಾಕಿ ಬಲ್ಲ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಶವಪೆಟ್ಟಿಗೆ ಮಾಡುವವನು ವೈದ್ಯಕೀಯ ಬರೆಯುವುದೇ ಎಂದು ಲಂಡನ್ನಿನ ಪ್ರಸಿದ್ಧ ವೈದ್ಯಪತ್ರಿಕೆ ಗದರಿತು. ಜನರು ಮಾತ್ರ ಪುಸ್ತಕಕ್ಕೆ ಮುಗಿಬಿದ್ದರು. ಮೂರನೆಯ ಆವೃತ್ತಿಯಿಂದ ಬೆಲೆಯಿಟ್ಟು, ಬಂದ ಲಾಭವನ್ನು ಬ್ಯಾಂಟಿಂಗ್ ಧರ್ಮಕಾರ್ಯಗಳಿಗೆ ಕೊಟ್ಟರು. ಅವರ ಮನೆತನದ ಹೆಸರೇ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಕ್ರಿಯಾಪದವಾಯಿತು. ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎಂದೇ ಹೇಳುತ್ತಾರೆ. 1878ರಲ್ಲಿ, ತಮ್ಮ 81ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಬ್ಯಾಂಟಿಂಗರಿಗಿಂತ ಮೊದಲೂ ಈ ಮಾತನ್ನು ಆಡಿದವರಿದ್ದರು. ಫ್ರಾನ್ಸಿನ ನ್ಯಾಯಾಧೀಶ ಬ್ರಿಯಾ ಸಾವರಾಂ 1825ರಲ್ಲಿ ಪ್ರಕಟಿಸಿದ ರುಚಿಶಾಸ್ತ್ರದ ಗ್ರಂಥದಲ್ಲಿ, ಮೈ ಬರುವುದಕ್ಕೆ ಹಿಟ್ಟು ಮತ್ತು ಪಿಷ್ಟವೇ ಮುಖ್ಯ ಕಾರಣವೆಂದು ಬರೆದು, ತನ್ನ ಓದುಗರು ಇಷ್ಟದ ತಿನಿಸೆಲ್ಲವನ್ನೂ ಈತ ಕಿತ್ತುಕೊಂಡನೆಂದು ಕಿರುಚಾಡುವುದನ್ನು ತಾನೇ ಊಹಿಸಿ ನಗುತ್ತಾನೆ. ನಮ್ಮ ದೇಶದಲ್ಲಿಯಂತೂ ಈ ವಿಷಯ ಬಹಳ ಹಿಂದಿನದು. ಚರಕ ಸಂಹಿತೆಯು ಪ್ರಮೇಹಕ್ಕೆ ಕಾರಣಗಳನ್ನು ಹೇಳುವಾಗ ಸುಖವಾಗಿ ಕೂತಿರುವುದು, ಹೆಚ್ಚು ನಿದ್ರೆ, ಮೊಸರು, ಬೆಲ್ಲದ ತಿನಿಸುಗಳು, ಹೊಸ ಧಾನ್ಯದ ಆಹಾರ ಇವನ್ನು ಹೆಸರಿಸುತ್ತದೆ. ಆ ರೋಗಿಗಳಿಗೆ ಬಾರ್ಲಿಯ ಜಾತಿಯ ಜವೆಗೋದಿಯನ್ನು ಮುಖ್ಯ ಆಹಾರವಾಗಿ ವಿಧಿಸುತ್ತದೆ. ಹೊಸ ಧಾನ್ಯ ಎಂಬ ಮಾತನ್ನು ಓದಿದಾಗ ನನಗೆ ಸೆಪ್ಟೆಂಬರ್ 8ರ ನಮ್ಮ ತೆನೆ ಹಬ್ಬ ನೆನಪಾಯಿತು. ಆಶೀರ್ವದಿಸಿದ ತೆನೆಯ ಹೊಸ ಅಕ್ಕಿಯನ್ನು ಪಾಯಸಕ್ಕೆ ಹಾಕಿ, ಮನೆಯ ಹಿರಿಯರು ಕೈಗೆ ಕೊಡುವ ಆ ಒಂದು ಚಮಚವನ್ನು ನಿರಾಕರಿಸೆಂದು ಚರಕನೂ ಹೇಳುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ.

ಇಲ್ಲಿ ಗುರುಮಠದಲ್ಲಿ ಓದಿದವನಿಗೆ ಸಹಜವಾಗಿ ಹೊಳೆಯುವ ಒಂದು ವಿಷಯವಿದೆ. ಧರ್ಮಸಭೆಯ ಉಪವಾಸದ ಇತಿಹಾಸವೂ ಆಹಾರ ಬಿಡುವುದರ ಇತಿಹಾಸವೇ. ಆದರೆ ಅದು ಬ್ಯಾಂಟಿಂಗರ ಪಥ್ಯಕ್ಕೆ ಸರಿಯಾಗಿ ತಿರುವುಮುರುವು. ಮಧ್ಯಯುಗದ ಯೂರೋಪಿನಲ್ಲಿ ತಪಸ್ಸುಕಾಲ ಬಂದರೆ ಬಿಡಬೇಕಾದದ್ದು ಮಾಂಸ, ಮೊಟ್ಟೆ, ಹಾಲು, ಬೆಣ್ಣೆ. ಉಳಿಯುತ್ತಿದ್ದುದು ರೊಟ್ಟಿ, ಕಾಳು ಮತ್ತು ಮೀನು. ರೊಟ್ಟಿ ಬಡವರ ಆಹಾರ, ಮಾಂಸ ಸಿರಿವಂತರದು. ಆದ್ದರಿಂದ ಬಿಡಬೇಕಾದದ್ದು ಮಾಂಸ. ಬೆಣ್ಣೆಯ ವಿಷಯದಲ್ಲಿ ದೊಡ್ಡ ಜಗ್ಗಾಟವೇ ನಡೆಯಿತು. ಜರ್ಮನಿಯ ಸ್ಯಾಕ್ಸನಿಯಲ್ಲಿ ಆಲಿವ್ ಎಣ್ಣೆ ದೊರೆಯದೆ, ಇದ್ದ ಎಣ್ಣೆ ರುಚಿಸದೆ, ಅಲ್ಲಿನ ಅರಸರು ಜಗದ್ಗುರುಗಳಲ್ಲಿ ಮೊರೆಯಿಟ್ಟರು. 1491ರಲ್ಲಿ ಎಂಟನೆಯ ಇನ್ನೊಸೆಂಟರು ಬೆಣ್ಣೆ ಬಳಸಲು ಅನುಮತಿ ಕೊಟ್ಟರು, ಅದಕ್ಕೆ ಪ್ರತಿಯಾಗಿ ಕಾಣಿಕೆ ಸಲ್ಲಿಸಬೇಕೆಂಬ ನಿಬಂಧನೆಯೊಡನೆ. ಡ್ರೆಸ್ಡೆನ್ ನಗರದ ಹೆಸರಾಂತ ಕ್ರಿಸ್‌ಮಸ್ ರೊಟ್ಟಿಯಾದ ಸ್ಟೋಲನ್ ಇಂದು ಬೆಣ್ಣೆಯಲ್ಲಿ ಮುಳುಗಿರುವುದಕ್ಕೆ ಆ ಪತ್ರವೇ ಮೂಲವೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಕಾಣಿಕೆಗೆ ಅನುಮತಿ ಎಂಬ ಈ ವ್ಯವಹಾರ ಮುಂದೆ ಎಂಥ ಟೀಕೆಗೆ ಗುರಿಯಾಯಿತೆಂಬುದನ್ನು ಧರ್ಮಸಭೆಯ ಚರಿತ್ರೆ ಬಲ್ಲವರು ಮರೆತಿಲ್ಲ. ಆ ಟೀಕೆ ಅಕಾರಣವೂ ಆಗಿರಲಿಲ್ಲ.

ಕ್ರಿಸ್ತಜಯಂತಿಯ ಹಿಂದಿನ ದಿನವಂತೂ ಶತಮಾನಗಳ ಕಾಲ ಉಪವಾಸದ ದಿನವಾಗಿತ್ತು. 1917ರ ಧರ್ಮಸಭಾ ಕಾನೂನಿನ ಸಂಹಿತೆಯಲ್ಲಿಯೂ ಅದು ಹಾಗೆಯೇ ಇತ್ತು. 1966ರಲ್ಲಿ ಆರನೆಯ ಪೌಲರು ನಿಯಮಗಳನ್ನು ಸಡಿಲಿಸಿದ ಬಳಿಕವೇ ಉಪವಾಸದ ಕಡ್ಡಾಯ ದಿನಗಳು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡಕ್ಕೆ ಇಳಿದವು. ಹೀಗಾಗಿ 1862ರ ಡಿಸೆಂಬರ್ 24ರಂದು ಬ್ಯಾಂಟಿಂಗರು ರೊಟ್ಟಿ ಬಿಟ್ಟು ಮಾಂಸ ತಿನ್ನುತ್ತಿದ್ದ ಅದೇ ಹೊತ್ತಿನಲ್ಲಿ ಲಂಡನ್ನಿನ ಕಥೋಲಿಕರು ಮಾಂಸ ಬಿಟ್ಟು ರೊಟ್ಟಿ ತಿನ್ನುತ್ತಿದ್ದರು. ಉಪವಾಸಕ್ಕೂ ಹಬ್ಬಕ್ಕೂ ನಡುವೆ ಒಂದು ರಾತ್ರಿಯಿತ್ತು. ನಡುರಾತ್ರಿಯ ಬಲಿಪೂಜೆ ಮುಗಿದರೆ ಬಿಟ್ಟದ್ದೆಲ್ಲ ಮೇಜಿಗೆ ಮರಳುತ್ತಿತ್ತು. ಪಥ್ಯದವರಿಗೆ ಅಂಥ ರಾತ್ರಿ ಬರುವುದೇ ಇಲ್ಲ. ಉಪವಾಸಕ್ಕೂ ಪಥ್ಯಕ್ಕೂ ಇರುವ ನಿಜವಾದ ಅಂತರ ನನಗೆ ಕಾಣುವುದು ಇಲ್ಲಿ.

ಪ್ಯಾರಿಸ್ಸಿಗೆ ಹೋಗೋಣ. 1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೈನ್ಯ ಆ ನಗರಕ್ಕೆ ಮುತ್ತಿಗೆ ಹಾಕಿತು. ಹೊರಗಿನಿಂದ ಕಾಳುಕಡ್ಡಿ ಬರುವುದು ನಿಂತಿತು. ಕುದುರೆ, ಬೆಕ್ಕು, ಇಲಿಗಳವರೆಗೆ ಎಲ್ಲವೂ ಆಹಾರವಾದವು. ಆ ವರ್ಷದ ಕ್ರಿಸ್‌ಮಸ್ ದಿನ, ಮುತ್ತಿಗೆಯ 99ನೆಯ ದಿನ, ವೊಆಜ್ಯಾ ಎಂಬ ಸಿರಿವಂತರ ಭೋಜನಶಾಲೆಯ ಊಟದ ಪಟ್ಟಿ ಚರಿತ್ರೆಯಲ್ಲಿ ಉಳಿದಿದೆ: ಆನೆಯ ಮಾಂಸದ ಸಾರು, ಹುರಿದ ಒಂಟೆ, ಕಾಂಗರೂ, ಕರಡಿಯ ಪಕ್ಕೆಲುಬು, ಇಲಿಗಳ ನಡುವೆ ಬೆಕ್ಕು. ಮೃಗಾಲಯದ ಪ್ರಾಣಿಗಳನ್ನು ಕೊಂದು ಮಾರಿದ್ದರು. ಹಬ್ಬದೂಟದ ಇಷ್ಟು ವಿಕಾರವಾದ ಪಟ್ಟಿ ಬೇರೊಂದಿಲ್ಲವೆಂದು ನನ್ನ ಭಾವನೆ; ಅದೇ ದಿನ ಬಡವರು ಹೊಟ್ಟು ಬೆರೆಸಿದ ಕರಿ ರೊಟ್ಟಿಗಾಗಿ ಸಾಲಿನಲ್ಲಿ ನಿಂತಿದ್ದರು. ಅದೇ ನಗರದಲ್ಲಿದ್ದ ಅಪೊಲಿನೇರ್ ಬುಶಾರ್ದಾ ಎಂಬ ವೈದ್ಯರು ಮಧುಮೇಹಿಗಳನ್ನು ನೋಡಿಕೊಳ್ಳುತ್ತಿದ್ದರು. ಊರಿಗೆ ಊರೇ ಹಸಿದಿದ್ದಾಗ ತಮ್ಮ ಕೆಲವು ರೋಗಿಗಳ ಮೂತ್ರದಲ್ಲಿ ಸಕ್ಕರೆ ಮಾಯವಾದದ್ದನ್ನು ಅವರು ಗಮನಿಸಿದರು. ಹಿಟ್ಟಿನಲ್ಲಿರುವ ಪಿಷ್ಟವನ್ನು ತೊಳೆದು ತೆಗೆದು ಮಾಡುವ ಅಂಟಿನ ರೊಟ್ಟಿಯನ್ನು ಅವರು ಅದಕ್ಕೂ ಮೊದಲೇ ರೋಗಿಗಳಿಗೆ ಕೊಡುತ್ತಿದ್ದರು. ಈಗ ಅವರ ಉಪದೇಶ ಇನ್ನಷ್ಟು ಸರಳವಾಯಿತು: ಸಾಧ್ಯವಾದಷ್ಟು ಕಡಿಮೆ ತಿನ್ನಿ.

ಈವರೆಗೆ ನಾನು ಹೇಳಿದ್ದನ್ನು ನೀವು ನಗುತ್ತಲೇ ಓದಿರಬಹುದು. ಇನ್ನು ಮುಂದಿನದು ಹಾಗಲ್ಲ. ಬ್ಯಾಂಟಿಂಗರಿಗೆ ಪಥ್ಯ ತಪ್ಪಿದರೆ ಹೋಗುತ್ತಿದ್ದುದು ಒಂದೆರಡು ಪೌಂಡಿನ ಲಾಭ. ಬಾಲ್ಯದಲ್ಲಿಯೇ ಮಧುಮೇಹ ಬಂದ ಮಕ್ಕಳಿಗೆ ಪಥ್ಯ ತಪ್ಪಿದರೆ ಹೋಗುತ್ತಿದ್ದುದು ಪ್ರಾಣ. ಪಥ್ಯ ಮಾಡಿದರೂ ಪ್ರಾಣ ಉಳಿಯುತ್ತಿರಲಿಲ್ಲ, ಸ್ವಲ್ಪ ಕಾಲ ಮುಂದಕ್ಕೆ ಹೋಗುತ್ತಿತ್ತು. ಇಟಲಿಯ ನೇಪಲ್ಸ್‌ನಲ್ಲಿ ಕಂಟಾನಿ ಎಂಬ ವೈದ್ಯರು ರೋಗಿಗಳು ಕದ್ದು ತಿನ್ನಬಾರದೆಂದು ಕೋಣೆಗೆ ಬೀಗ ಹಾಕಿಸುತ್ತಿದ್ದರು. ಅಮೆರಿಕದ ನ್ಯೂಯಾರ್ಕಿನಲ್ಲಿ 1914ರಿಂದೀಚೆಗೆ ಫ್ರೆಡರಿಕ್ ಆಲೆನ್ ಎಂಬ ವೈದ್ಯರು ಈ ದಾರಿಯ ಕೊನೆಯನ್ನೇ ಮುಟ್ಟಿದರು. ಮೂತ್ರದಲ್ಲಿ ಸಕ್ಕರೆ ನಿಲ್ಲುವವರೆಗೆ ಪೂರ್ಣ ಉಪವಾಸ, ಅನಂತರ ಗ್ರಾಂ ಲೆಕ್ಕದಲ್ಲಿ ತೂಗಿದ ತರಕಾರಿ, ಸ್ವಲ್ಪ ಮೊಟ್ಟೆ. ಸಕ್ಕರೆ ಮತ್ತೆ ಕಂಡರೆ ಮತ್ತೆ ಉಪವಾಸ. ಆಲೆನ್ ನಿರ್ದಯಿಯಲ್ಲ. ಅವರ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ.

ಆಲೆನ್ ದಾಖಲಿಸಿದ ಒಂದು ಘಟನೆಯನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಧುಮೇಹದಿಂದ ಕಣ್ಣು ಕಳೆದುಕೊಂಡ ಹನ್ನೆರಡು ವರ್ಷದ ಹುಡುಗನೊಬ್ಬ ಆಸ್ಪತ್ರೆಯಲ್ಲಿದ್ದ. ಏಳಲಾರದಷ್ಟು ನಿತ್ರಾಣ. ಹೊರಗಿನ ಆಹಾರ ಅವನಿಗೆ ಸಿಗುವ ದಾರಿಯೇ ಇರಲಿಲ್ಲ. ಆದರೂ ಸಕ್ಕರೆ ಕಾಣಿಸುತ್ತಲೇ ಇತ್ತು. ಕೊನೆಗೆ ಸತ್ಯ ಹೊರಬಿತ್ತು. ಅವನು ಹಲ್ಲುಜ್ಜುವ ಪೇಸ್ಟನ್ನು ತಿನ್ನುತ್ತಿದ್ದ. ಬೇಸರ ಕಳೆಯಲೆಂದು ಅವನು ಕೇಳಿ ಇರಿಸಿಕೊಂಡಿದ್ದ ಹಾಡುಹಕ್ಕಿಯ ಪಂಜರದಿಂದ ಹಕ್ಕಿಯ ಕಾಳನ್ನು ತೆಗೆದು ತಿನ್ನುತ್ತಿದ್ದ. ಹುಡುಗ ಬದುಕಲಿಲ್ಲ. ಶುಭಸಂದೇಶದಲ್ಲಿ ಹಂದಿಗಳು ತಿನ್ನುವ ಹೊಟ್ಟಿಗೆ ಆಸೆಪಟ್ಟ ಮಗನ ಸಾಮತಿಯ ಮೇಲೆ ನಾನು ಎಷ್ಟೋ ಸಲ ಪ್ರಬೋಧನೆ ಮಾಡಿದ್ದೇನೆ. ಆ ಮಗನಿಗೆ ಎದ್ದು ಹೋಗಲು ತಂದೆಯ ಮನೆಯೊಂದಿತ್ತು.

ಆಲೆನ್ ಅವರ ರೋಗಿಗಳಲ್ಲಿ ಎಲಿಜಬೆತ್ ಹ್ಯೂಸ್ ಎಂಬ ಬಾಲಕಿಯೂ ಇದ್ದಳು. ತಂದೆ ಚಾರ್ಲ್ಸ್ ಇವಾನ್ಸ್ ಹ್ಯೂಸ್ 1916ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದವರು, 1921ರಿಂದ ಅಮೆರಿಕದ ವಿದೇಶಾಂಗ ಸಚಿವರು. 1919ರಲ್ಲಿ, ಹನ್ನೊಂದರ ಪ್ರಾಯದಲ್ಲಿ ಅವಳಿಗೆ ಮಧುಮೇಹವೆಂದು ತಿಳಿಯಿತು. ದಿನದ ಆಹಾರ ಸಾವಿರ ಕ್ಯಾಲೊರಿಗಿಂತಲೂ ಬಹಳ ಕಡಿಮೆ. ಮನೆಯವರು ಬೇಸಗೆಯಲ್ಲಿ ವನಭೋಜನಕ್ಕೆ ಹೋದರೆ ಎಲ್ಲರೂ ಮಾಂಸ, ಮೀನು, ಮುಸುಕಿನ ಜೋಳ, ಕಲ್ಲಂಗಡಿ ತಿನ್ನುವಾಗ ಅವಳು ತನ್ನದೇ ಪುಟ್ಟ ಬಾಣಲೆಯಲ್ಲಿ ಮೊಟ್ಟೆ ಹುಯ್ದುಕೊಳ್ಳುತ್ತಿದ್ದಳು. ಹುಟ್ಟುಹಬ್ಬಕ್ಕೆ ಅವಳಿಗೆ ದೊರೆತ ಕೇಕು ಟೋಪಿ ಇಡುವ ಒಂದು ಖಾಲಿ ಡಬ್ಬಿ. ಅದಕ್ಕೆ ಗುಲಾಬಿ ಮತ್ತು ಬಿಳಿ ಕಾಗದ ಸುತ್ತಿ, ಮೇಲೆ ಮೇಣದ ಬತ್ತಿಗಳನ್ನು ನಿಲ್ಲಿಸಿ ಹಚ್ಚಿದ್ದರು. ಆ ಕಾಗದವನ್ನು ಕತ್ತರಿಸಿ ಅಂಟಿಸಿದ ಕೈಗಳನ್ನು ನಾನು ಆಗಾಗ ನೆನೆಯುತ್ತೇನೆ. ಹಬ್ಬವನ್ನು ರದ್ದು ಮಾಡಲೂ ಮನಸ್ಸಿಲ್ಲ, ಹಬ್ಬದ ತಿನಿಸನ್ನು ಕೊಡಲೂ ಧೈರ್ಯವಿಲ್ಲ. ಆ ಮನೆಯವರು ಕಂಡುಕೊಂಡ ದಾರಿ ಅದು.

1922ರ ಬೇಸಗೆಯ ಹೊತ್ತಿಗೆ, ಹದಿನೈದು ತುಂಬಲಿದ್ದ ಆ ಹುಡುಗಿಯ ತೂಕ 45 ಪೌಂಡು, ಎಂದರೆ ಇಪ್ಪತ್ತು ಕಿಲೋ ಚಿಲ್ಲರೆ. ಅದೇ ವರ್ಷದ ಜನವರಿಯಲ್ಲಿ ಕೆನಡಾದ ಟೊರೊಂಟೋ ನಗರದಲ್ಲಿ ಲೆನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಇನ್ಸುಲಿನ್ ಎಂಬ ಹೊಸ ಔಷಧವನ್ನು ಮೊದಲ ಬಾರಿ ಚುಚ್ಚಲಾಗಿತ್ತು. ಜನವರಿ 11ರಂದು ಕೊಟ್ಟದ್ದು ಸರಿಯಾಗಿ ಫಲಿಸಲಿಲ್ಲ; ಶುದ್ಧಗೊಳಿಸಿ ಜನವರಿ 23ರಂದು ಕೊಟ್ಟದ್ದು ಫಲಿಸಿತು. ಅದನ್ನು ಕಂಡುಹಿಡಿದ ತಂಡದ ಮುಂದಾಳಿನ ಹೆಸರು ಕೇಳಿದರೆ ನಿಮಗೆ ಅಚ್ಚರಿಯಾದೀತು: ಫ್ರೆಡರಿಕ್ ಬ್ಯಾಂಟಿಂಗ್. ಹಿಟ್ಟು ಬಿಡಲು ಕಲಿಸಿದವರ ಹೆಸರೂ ಬ್ಯಾಂಟಿಂಗ್, ರೊಟ್ಟಿಯನ್ನು ಮರಳಿ ಕೊಟ್ಟವರ ಹೆಸರೂ ಬ್ಯಾಂಟಿಂಗ್. ಆಗಸ್ಟ್ ತಿಂಗಳಲ್ಲಿ ಎಲಿಜಬೆತಳನ್ನು ಅವಳ ತಾಯಿ ಟೊರೊಂಟೋಗೆ ಕರೆತಂದರು. ಕೆಲವೇ ವಾರಗಳಲ್ಲಿ ಅವಳು ರೊಟ್ಟಿ, ಆಲೂಗಡ್ಡೆ ತಿನ್ನುವಂತಾದಳು. ನವೆಂಬರ್ ಮುಗಿಯುವಷ್ಟರಲ್ಲಿ, ಅಮೆರಿಕದವರ ಕೃತಜ್ಞತಾ ಹಬ್ಬದ ಹೊತ್ತಿಗೆ, ಮನೆಗೆ ಮರಳಿದಳು. ಅವಳು ತೀರಿಕೊಂಡದ್ದು 1981ರಲ್ಲಿ, 73ನೆಯ ವಯಸ್ಸಿನಲ್ಲಿ. ಅಷ್ಟರೊಳಗೆ ಸುಮಾರು 42 ಸಾವಿರ ಚುಚ್ಚುಮದ್ದುಗಳನ್ನು ತೆಗೆದುಕೊಂಡಿದ್ದಳು. ತನ್ನ ಕಾಯಿಲೆಯನ್ನು ಮಾತ್ರ ಬದುಕಿನುದ್ದಕ್ಕೂ ಮುಚ್ಚಿಟ್ಟಳು.

ಇದರ ನಂತರದ ಕಥೆ ನಿಮಗೆ ಹೆಚ್ಚು ಕಡಿಮೆ ತಿಳಿದದ್ದೇ. ಪ್ರಾಣದ ಮಾತು ಹಿಂದೆ ಸರಿದು ತೂಕದ ಮಾತು ಮುಂದೆ ಬಂತು. 1972ರಲ್ಲಿ ಅಮೆರಿಕದ ಡಾ. ಆಟ್ಕಿನ್ಸ್ ಪುಸ್ತಕ ಬರೆದು ಹಳೆಯ ಪಥ್ಯಕ್ಕೆ ಹೊಸ ಹೆಸರು ತಂದುಕೊಟ್ಟರು. ಈಗ ಇನ್ನೂ ಹೊಸ ಹೊಸ ಹೆಸರುಗಳಿವೆ. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗದಲ್ಲಿ 609 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಶರ್ಕರಪಿಷ್ಟ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಮಾಡಿಸಿ ವರ್ಷವಿಡೀ ನೋಡಿದರು. ಮೊದಲ ಗುಂಪಿನವರು ಸರಾಸರಿ 6 ಕಿಲೋ, ಎರಡನೆಯವರು 5.3 ಕಿಲೋ ಇಳಿದರು, ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಹಬ್ಬದ ವಿಷಯವಾಗಿ 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಅಮೆರಿಕದ 195 ಮಂದಿಯನ್ನು ಹಬ್ಬದ ವಾರಗಳ ಹಿಂದೆ ಮುಂದೆ ತೂಗಿದಾಗ ಏರಿದ್ದು ಸರಾಸರಿ 370 ಗ್ರಾಂ ಮಾತ್ರ. ಹಬ್ಬಕ್ಕೆ ಎರಡು ಮೂರು ಕಿಲೋ ಏರಿತೆಂದು ಗೋಳಾಡುವವರಿಗೆ ಇದು ಸಮಾಧಾನ. ಆದರೆ ಏರಿದ ಆ ಅಷ್ಟು ಮುಂದಿನ ಬೇಸಗೆ ಬಂದರೂ ಇಳಿಯಲಿಲ್ಲ. ವರ್ಷ ವರ್ಷವೂ ಕೂಡುತ್ತ ಹೋಗುವ ಲೆಕ್ಕವದು.

ನಮ್ಮ ದೇಶದ ಲೆಕ್ಕ ಇನ್ನೂ ಭಾರವಾದದ್ದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ನಮ್ಮ ಆಹಾರದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆಂದು ಅದೇ ಅಧ್ಯಯನ ಸರಣಿಯ 2025ರ ವರದಿ ಹೇಳಿತು. ರಾಗಿಮುದ್ದೆಗೆ ಸಕ್ಕರೆ ಏರುವುದಿಲ್ಲವೆಂದು ಪ್ರೀತಿಯಿಂದ ದೊಡ್ಡ ಮುದ್ದೆಯನ್ನೇ ಬಡಿಸುವ ತಾಯಂದಿರು ಹಳ್ಳಿಗಳಲ್ಲಿದ್ದಾರೆ. ರಾಗಿ ಒಳ್ಳೆಯ ಧಾನ್ಯವೇ. ಆದರೆ ಅದರಲ್ಲಿಯೂ ಮುಕ್ಕಾಲು ಪಾಲಿನ ಹತ್ತಿರ ಇರುವುದು ಶರ್ಕರಪಿಷ್ಟವೇ. ಜೊತೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಬ್ಬದ ಮರುದಿನ ಪಶ್ಚಾತ್ತಾಪದಿಂದ ಇಡೀ ದಿನ ಏನೂ ತಿನ್ನದೆ ಕೂತರೆ ಸಕ್ಕರೆ ಕುಸಿದು ಪ್ರಾಣಾಪಾಯ ಒದಗಬಹುದು. ಇಂಥ ಒಂದು ಪ್ರಸಂಗದಲ್ಲಿ ನಾನು ಆಸ್ಪತ್ರೆಗೆ ಓಡಿದ್ದೇನೆ. ಆದ್ದರಿಂದ ಪಥ್ಯದ ಬದಲಾವಣೆಗಳನ್ನು ವೈದ್ಯರಲ್ಲಿ ಕೇಳಿಯೇ ಮಾಡಿ, ಉಪದೇಶಿಯ ಮಾತು ಕೇಳಿ ಅಲ್ಲ, ಗುರುವಿನ ಮಾತು ಕೇಳಿಯೂ ಅಲ್ಲ.

ಕಳೆದ ಡಿಸೆಂಬರಿನಲ್ಲಿ ನಾನು ಭೇಟಿ ಕೊಟ್ಟ ಮನೆಯೊಂದರಲ್ಲಿ ಹನ್ನೊಂದು ವರ್ಷದ ಹುಡುಗಿಯಿದ್ದಾಳೆ. ಎರಡು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ. ಎಲಿಜಬೆತಳಿಗೆ ಕಾಯಿಲೆ ಬಂದಾಗಿನದೇ ವಯಸ್ಸು. ತಾಯಿ ಕುಸ್ವಾರಿನ ತಟ್ಟೆಯನ್ನು ತಂದು ನನ್ನ ಮುಂದಿಟ್ಟು, ಮಗಳ ಮುಂದೆ ಒಂದು ಚಿಕ್ಕ ಬಟ್ಟಲಿಟ್ಟರು. ಅದರಲ್ಲಿ ಎಣಿಸಿ ಇಟ್ಟ ಆರು ಕಿಡಿಯೊ, ಪಕ್ಕದಲ್ಲಿ ಹುರಿದ ಕಡಲೆಕಾಯಿ. ಹುಡುಗಿ ಗೋಡೆಗೆ ಅಂಟಿಸಿದ್ದ ಪಟ್ಟಿಯನ್ನು ನೋಡಿ ಬೆರಳು ಮಡಿಸುತ್ತ ಲೆಕ್ಕ ಹಾಕಿದಳು, ಒಳಗೆ ಹೋಗಿ ತಾನೇ ಚುಚ್ಚಿಕೊಂಡು ಬಂದಳು, ಬಂದು ಕೂತು ತಿನ್ನತೊಡಗಿದಳು. ನಾನು ಒಂದು ಕಿಡಿಯೊವನ್ನು ಕೈಯಲ್ಲಿ ಹಿಡಿದು ಹಿಂದೆಮುಂದೆ ನೋಡುತ್ತಿದ್ದುದನ್ನು ಕಂಡು ಕೇಳಿದಳು: "ಫಾದರ್, ನಿಮಗೆ ಎಷ್ಟು ತಿನ್ನಬಹುದು ಅಂತ ಬರೆದುಕೊಟ್ಟಿದ್ದಾರೆ?"

ಎರಡು ಎಂದೆ. ಅವಳು ತಟ್ಟೆಯಿಂದ ಇನ್ನೊಂದನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟಳು. ಉಳಿದದ್ದನ್ನು ತಾಯಿಯ ಕಡೆಗೆ ಸರಿಸಿದಳು.